ವಿದ್ಯೆ ನಿಜ, ಬೆಲೆ ನಿಜವೇ?

ಮನೆಗೆ ಬರುವ ಹಣ ಯಾವ ದಾರಿಯಿಂದ ಬಂದಿತೆಂಬುದನ್ನು ನೋಡಿಕೊಳ್ಳುವುದು ಗೃಹಸ್ಥನ ಮೊದಲ ಕರ್ತವ್ಯ. ಅದು ಯಾವ ದಾರಿಯಿಂದ ಹೊರಟುಹೋದೀತೆಂದು ಮುಂಚಿತವಾಗಿ ಯೋಚಿಸುವುದು ಎರಡನೆಯದು. ಮೊದಲನೆಯದನ್ನು ನಮ್ಮ ಹಿರಿಯರು ಕಾಯಕವೆಂಬ ಒಂದೇ ಮಾತಿನಲ್ಲಿ ತಿಳಿಸಿಕೊಟ್ಟಿದ್ದಾರೆ. ಎರಡನೆಯದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬೇಕಾಗಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ಬ್ರಹ್ಮಾವರ ತಾಲೂಕಿನ ಕೊಕ್ಕರ್ಣೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನೂ ಬಂದಿದ್ದನು. ತಂದೆಯ ನಿವೃತ್ತಿಯ ಹಣಕ್ಕೆ ತಾಯಿಯ ಬಂಗಾರವನ್ನು ಅಡವಿಟ್ಟು ತಂದ ಸಾಲವನ್ನೂ ಸೇರಿಸಿ, ಕೃತಕ ಬುದ್ಧಿಮತ್ತೆಯ ಕಂಪನಿಗಳ ಷೇರುಗಳನ್ನು ಕೊಳ್ಳಬೇಕೆಂಬುದು ಅವನ ಒತ್ತಾಯ. "ಅಪ್ಪಯ್ಯಾ, ಈ ವಿದ್ಯೆ ಜಗತ್ತನ್ನೇ ಬದಲಿಸುತ್ತದೆ. ಈಗ ತಡಮಾಡಿದರೆ ಕೆಟ್ಟೆವು" ಎಂದನು. ತಾಯಿ ಬಾಗಿಲ ಬಳಿ ಮೌನವಾಗಿ ನಿಂತಿದ್ದರು. ತಂದೆ ನನ್ನತ್ತ ತಿರುಗಿ, "ಅಯ್ಯನವರೇ, ಹುಡುಗ ಹೇಳುವುದು ಸುಳ್ಳೇ?" ಎಂದು ಕೇಳಿದರು.

ಸುಳ್ಳಲ್ಲವೆಂದೆ. ಆದರೆ ಅಂಗಳದಾಚೆ ಗೊಬ್ಬರದ ಗಿಡಕ್ಕೆ ಹಬ್ಬಿದ್ದ ಬಳ್ಳಿಯೊಂದನ್ನು ತೋರಿಸಿ, ಅದು ಯಾವುದೆಂದು ಕೇಳಿದೆ. ಉಪಾಧ್ಯಾಯರು ನಕ್ಕುಬಿಟ್ಟರು. ಅದು ವೆನಿಲ್ಲಾ ಬಳ್ಳಿ.

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಆ ಕಥೆಯನ್ನು ವಿವರಿಸಬೇಕಾಗಿಲ್ಲ. ೨೦೦೦ರಲ್ಲಿ ಮಡಗಾಸ್ಕರಿನ ಬೆಳೆಯನ್ನು ಚಂಡಮಾರುತ ಹಾಳುಮಾಡಿದ ತರುವಾಯ ಬೆಲೆ ಏರುತ್ತ ಹೋಗಿ, ೨೦೦೩ರ ಸುಮಾರಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಜನರು ರಾತ್ರಿಯಿಡೀ ತೋಟದಲ್ಲಿ ಕಾವಲು ಮಲಗಿದರು. ಸಾಲ ತಂದು ಬಳ್ಳಿ ನೆಟ್ಟರು. ಕೆಲವೇ ವರ್ಷಗಳಲ್ಲಿ ಬೆಲೆ ನೂರರ ಒಳಗಿಳಿಯಿತು. ವೆನಿಲ್ಲಾದ ಪರಿಮಳ ಸುಳ್ಳಾಗಿರಲಿಲ್ಲ, ಲೋಕಕ್ಕೆ ಅದು ಇಂದಿಗೂ ಬೇಕು. ನಿಲ್ಲದೆ ಹೋದದ್ದು ಬೆಲೆ ಮಾತ್ರ.

ಷೇರಿನ ವಿಷಯವೂ ಹೀಗೆಯೇ. ಒಂದು ಕಂಪನಿ ಮುಂದೆ ಗಳಿಸಬಹುದಾದ ಲಾಭವನ್ನು ಊಹಿಸಿ ಪೇಟೆಯು ಇಂದೇ ಬೆಲೆ ಕಟ್ಟುತ್ತದೆ. ಆದುದರಿಂದ ಕಂಪನಿ ಬೆಳೆದರೂ, ಆ ಬೆಳವಣಿಗೆ ಊಹೆಗಿಂತ ಕಡಮೆಯಾದರೆ ಷೇರು ಕುಸಿಯುತ್ತದೆ. ಈ ವಿದ್ಯೆಗೆ ಬೇಕಾದ ಚಿಪ್ಪುಗಳನ್ನು ಮಾರುವ ಅಮೆರಿಕದ ಎನ್‌ವಿಡಿಯಾ ಕಂಪನಿಯ ಷೇರು ೨೦೨೫ರ ಜನವರಿ ೨೭ರಂದು ಒಂದೇ ದಿನದಲ್ಲಿ ಶೇಕಡಾ ೧೭ರಷ್ಟು ಬಿದ್ದಿತು. ಚೀನಾದ ಡೀಪ್‌ಸೀಕ್ ಎಂಬ ಸಂಸ್ಥೆ ಇದೇ ಕೆಲಸವನ್ನು ಕಡಮೆ ವೆಚ್ಚದಲ್ಲಿ ಸಾಧಿಸಿತೆಂಬ ಸುದ್ದಿಯೇ ಅದಕ್ಕೆ ಕಾರಣ. ಆ ಷೇರು ಮತ್ತೆ ಏರಿತೆಂಬುದೂ ನಿಜ. ಆದರೆ ಸಾಲದ ಹಣ ಹೂಡಿದವನಿಗೆ ಏರುವ ತನಕ ಕಾಯುವ ಸ್ವಾತಂತ್ರ್ಯವಿರುವುದಿಲ್ಲ.

ಕಾಯುವುದಾದರೂ ಎಷ್ಟು ಕಾಲ? ಅಂತರಜಾಲದ ಕಂಪನಿಗಳ ಭರಾಟೆಯಲ್ಲಿ ಅಮೆರಿಕದ ನಾಸ್ಡಾಕ್ ಸೂಚ್ಯಂಕ ೨೦೦೦ದ ಮಾರ್ಚಿನಲ್ಲಿ ೫೦೪೮ಕ್ಕೆ ಏರಿ, ೨೦೦೨ರ ಅಕ್ಟೋಬರಿನಲ್ಲಿ ೧೧೧೪ಕ್ಕೆ ಇಳಿಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು ೨೦೧೫ರಲ್ಲಿ. ಅಂತರಜಾಲವು ಜಗತ್ತನ್ನು ಬದಲಿಸಿಯೇ ಬದಲಿಸಿತು. ಆದರೂ ಹೂಡಿದವರು ಹದಿನೈದು ವರ್ಷ ಕಾದರು, ಅನೇಕ ಕಂಪನಿಗಳು ಹೆಸರಿಲ್ಲದೆ ಹೋದವು. ಮೂವತ್ತರ ಮಗನಿಗೆ ಹದಿನೈದು ವರ್ಷವಿದೆ. ಅರವತ್ತೆರಡರ ತಂದೆಗೆ?

ಇದರೊಡನೆ ಮೋಸದ ಬಲೆಯೂ ಇದೆ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಮುಖ ಮತ್ತು ಧ್ವನಿಯನ್ನು ಇದೇ ವಿದ್ಯೆಯಿಂದ ಅನುಕರಿಸಿ, ಹಣ ಹೂಡಲು ಕರೆಕೊಡುವ ನಕಲಿ ದೃಶ್ಯಗಳು ಹರಿದಾಡಿದವು. ೨೦೨೩ರ ಡಿಸೆಂಬರಿನಲ್ಲಿ ಅವರೇ ಅದನ್ನು ಅಲ್ಲಗಳೆದು ಎಚ್ಚರಿಸಬೇಕಾಯಿತು. ನಿಶ್ಚಿತ ಲಾಭದ ಮಾತನ್ನು ಯಾರ ಮುಖದಿಂದ ಕೇಳಿದರೂ ನಂಬಲಾಗದು.

ಆದುದರಿಂದ ಗೃಹಸ್ಥ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟು. ಸಾಲ ಮಾಡಿ ಷೇರು ಕೊಳ್ಳಬೇಡಿ. ವೃದ್ಧಾಪ್ಯದ ಅನ್ನ, ಮಕ್ಕಳ ವಿದ್ಯೆ, ಕಾಯಿಲೆಯ ಖರ್ಚು, ಇವುಗಳ ಹಣವನ್ನು ಬೇರೆಯೇ ಇಡಿ. ಉಳಿದುದರಲ್ಲಿ, ಹೋದರೂ ಮನೆ ಅಲುಗದಷ್ಟನ್ನು ಮಾತ್ರ ಹೂಡಿ. ಅದನ್ನೂ ಒಂದೇ ಉದ್ಯಮದಲ್ಲಿ ಸುರಿಯಬೇಡಿ.

ನಾನು ಹೊರಡುವ ಬೆಳಿಗ್ಗೆ ಮಗನು ತನ್ನ ಸಂಬಳದಲ್ಲೇ ತಿಂಗಳಿಗೆ ಅಲ್ಪ ಮೊತ್ತವನ್ನು ತೆಗೆದಿಟ್ಟು ಹೂಡುವೆನೆಂದು ಒಪ್ಪಿಕೊಂಡನು. ತಾಯಿ ಬಂಗಾರದ ಗಂಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದು, ನನಗೆ ಇನ್ನೊಂದು ಲೋಟ ಹಾಲು ಕೊಟ್ಟರು.