ಉಂಡು ಮಲಗಿದರೂ ಮುಗಿಯದ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಅದನ್ನು ಆಡುವವರು ಬಹುಮಟ್ಟಿಗೆ ಹೊಡೆದ ಕೈಯವರೇ ಹೊರತು ಪೆಟ್ಟು ತಿಂದ ಬೆನ್ನಿನವರಲ್ಲ. ಬೆನ್ನಿಗೆ ಬಾಯಿ ಬಂದರೆ ಗಾದೆಯ ಗತಿಯೇನು?

1982ರಲ್ಲಿ ಅಮೆರಿಕೆಯ ಕಪ್ಪು ಜನಾಂಗದ ಕಲಾವಿದೆ ಕೆಮಿಲ್ ಬಿಲ್ಲಪ್ಸ್ ಅವರು ಪತಿ ಜೇಮ್ಸ್ ಹ್ಯಾಚ್ ಅವರೊಡಗೂಡಿ ‘ಸುಸ್ಯಾನ್, ಸುಸ್ಯಾನ್’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದರ ವಸ್ತು ಅವರ ಸ್ವಂತ ಅಕ್ಕತಂಗಿಯರ ಮನೆಯದೇ. ತಂದೆಯ ಹೊಡೆತಕ್ಕೆ ಈಡಾದ ಮಗಳೂ ತಾಯಿಯೂ ಅದರಲ್ಲಿ ಎದುರುಬದುರಾಗಿ ಮಾತನಾಡುತ್ತಾರೆ. ಲೋಕವು ಮೊದಲೇ ಹೀನೈಸಿರುವ ಜನ ತಮ್ಮ ಮನೆಯ ಹುಳುಕನ್ನು ತಾವೇ ತೋರಬಹುದೆ ಎಂಬ ಶಂಕೆ ಸಹಜವಾದದ್ದು. ಆದರೆ ಕುಲದ ಮಾನವನ್ನು ಕಾಯುವ ಭಾರವೆಲ್ಲ ಪೆಟ್ಟು ತಿಂದವಳ ಮೌನದ ಮೇಲೆಯೇ ಬೀಳುವುದು ಯಾವ ನ್ಯಾಯ?

ನಮ್ಮಲ್ಲಿಯೂ ಈ ಪ್ರಶ್ನೆಯನ್ನು ಎತ್ತಿದವರುಂಟು. ಬೆಂಗಳೂರಿನ ದೀಪಾ ಧನರಾಜ್ ಅವರು ಗೆಳೆಯರೊಡನೆ 1980ರಲ್ಲಿ ‘ಯುಗಾಂತರ’ ಎಂಬ ಚಿತ್ರ ತಂಡವನ್ನು ಕಟ್ಟಿದರು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಹೋರಾಟವನ್ನು ಚಿತ್ರಿಸಿದ ಈ ತಂಡ, 1983ರಲ್ಲಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ, ಮನೆಯೊಳಗಿನ ಹಿಂಸೆಯನ್ನು ಕುರಿತು ‘ಇದಿ ಕಥಾ ಮಾತ್ರಮೇನಾ’ ಎಂಬ ತೆಲುಗು ಚಿತ್ರವನ್ನು ಮಾಡಿತು. ‘ಇದು ಬರಿಯ ಕಥೆಯೇ?’ ಎಂಬುದು ಆ ಹೆಸರಿನ ಅರ್ಥ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ಬಂದದ್ದು 2005ರಲ್ಲಿ. ಚಿತ್ರ ಬಂದ ಇಪ್ಪತ್ತೆರಡು ವರ್ಷಗಳ ಮೇಲೆ!

ನಮ್ಮ ಮಸೂತಿಯ ನೆರೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ವಿದ್ಯುತ್ ಸ್ಥಾವರ ನಿಂತಿದೆ. ಅದನ್ನು ಚಿತ್ರಿಸಬಂದವರಿಗೆ ಎತ್ತರದ ಚಿಮಣಿಯೂ ಭಾರಿ ಅಂಕಿಗಳೂ ಸಾಕು. ಆ ಸೀಮೆಯ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವಳ ಮಾತು ಆ ಚಿತ್ರದಲ್ಲಿ ಬರಲಾರದು. ಬಂದ ಹೊರತು ಸೀಮೆಯ ಕಥೆ ಪೂರ್ಣವಾಗದು.

ಆದರೆ ಒಂದು ನಿಯಮ ಬೇಕು. ಹೇಳುವವಳು ಮನಸಾರೆ ಒಪ್ಪಿರಬೇಕು, ತೆಗೆದದ್ದನ್ನು ಮೊದಲು ಅವಳಿಗೆ ತೋರಿಸಬೇಕು, ಬೇಡವೆಂದದ್ದನ್ನು ಬಿಡಬೇಕು. ಚಿತ್ರಕಾರರು ಊರು ಬಿಟ್ಟು ಹೋಗುತ್ತಾರೆ. ಅವಳು ಅದೇ ಮನೆಯಲ್ಲಿ ಬಾಳಬೇಕು. ಇಂದು ಕೈಕೈಗೂ ಮೊಬೈಲಿನ ಕ್ಯಾಮೆರಾ ಬಂದಿದೆ. ಒಬ್ಬರ ಕಣ್ಣೀರು ಊರಿನ ವಿನೋದವಾಗಲು ಗಳಿಗೆ ಸಾಕು. ಇಂಥ ಕಾಲದಲ್ಲಿ ಈ ನಿಯಮಕ್ಕೆ ಇಮ್ಮಡಿ ಬೆಲೆ. ಅವಳ ಒಪ್ಪಿಗೆಯಿಂದ ಹೊರಬಂದ ಮನೆಯ ಮಾತು ಸಾಕ್ಷಿ. ಒಪ್ಪಿಗೆಯಿಲ್ಲದೆ ಎಳೆತಂದದ್ದು ಇನ್ನೊಂದು ಪೆಟ್ಟು.