ಕೊಂದದ್ದು ಕೇರೆ, ಉಳಿದದ್ದು ಇಲಿ!

ಸಿಂಗಟಗೆರೆ: ಮಳೆ ಹಿಡಿಯಿತೆಂದರೆ ಈ ಕಡೆಯ ಹಿತ್ತಲುಗಳಲ್ಲಿ ಒಂದೇ ಕೂಗು: "ಹಾವು! ದೊಣ್ಣೆ ತಗೊಂಡು ಬಾರೋ!" ದೊಣ್ಣೆ ಬರುತ್ತದೆ, ಹಾವು ಸಾಯುತ್ತದೆ. ಸತ್ತದ್ದು ಯಾವ ಹಾವು ಎಂಬ ವಿಚಾರಣೆ ಆಮೇಲೆ. ಎಷ್ಟೋ ಸಲ ಅದು ಬಡಪಾಯಿ ಕೇರೆ.

ಕಡೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿ, ಕಣದಲ್ಲಿ ರಾಗಿ ಹುಲ್ಲಿನ ಬಣವೆ, ಹಿತ್ತಲಲ್ಲಿ ತೆಂಗಿನ ಮಟ್ಟೆಯ ರಾಶಿ. ಅಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ದಿನಸಿ ಅಂಗಡಿಯ ಗೋದಾಮಿನ ಕಥೆಯೂ ಇದೇ. ಕೇರೆಗೆ ವಿಷವೂ ಇಲ್ಲ, ಹೆಡೆಯೂ ಇಲ್ಲ. ಕಣ್ಣು ದೊಡ್ಡದು, ಮೈ ನೀಳ, ಸದ್ದಾದರೆ ಓಟ. ಅದು ನಾಗರಕ್ಕೆ ಗಂಡು ಅನ್ನೋ ಮಾತು ಬರೀ ಸುಳ್ಳು. ಎರಡೂ ಬೇರೆ ಬೇರೆ ಜಾತಿ. ಕೇರೆ ಕೊಂದವನು ಇಲಿ ಸಾಕಿದಂತೆ. ಅದೂ ಅಲ್ಲದೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ? ಮುಖ್ಯವಾಗಿ ನಾಲ್ಕಕ್ಕೆ. ಹೆಡೆ ಎತ್ತುವ ನಾಗರ ಎಲ್ಲರಿಗೂ ಗೊತ್ತು. ಕೊಳಕುಮಂಡಲ ದಪ್ಪ ಮೈಯದು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆ, ಕೆಣಕಿದರೆ ಕುಕ್ಕರಿನಂತೆ ಬುಸುಗುಟ್ಟುತ್ತದೆ. ಇದನ್ನು ಹೆಬ್ಬಾವಿನ ಮರಿ ಎಂದು ಕೈಹಾಕಿ ಕೆಟ್ಟವರಿದ್ದಾರೆ. ಗರಗಸಮಂಡಲ ಚಿಕ್ಕದು, ಕಲ್ಲುನೆಲದ್ದು; ಸುರುಳಿ ಸುತ್ತಿ ಮೈ ಉಜ್ಜಿ ಗರಗಸದ ಸದ್ದು ಮಾಡುತ್ತದೆ. ಕಟ್ಟುಹಾವು ಕರಿಮೈಗೆ ತೆಳು ಬಿಳಿ ಪಟ್ಟೆಯದು, ರಾತ್ರಿ ಸಂಚಾರಿ. ವಿಷವಿಲ್ಲದ ತೋಳಹಾವಿಗೂ ಪಟ್ಟೆಯುಂಟು. ಆದರೆ ಅದರ ಪಟ್ಟೆ ಕತ್ತಿನ ಹತ್ತಿರ ಎದ್ದು ಕಂಡು ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ಬಾಲದ ಕಡೆಗೇ ಸ್ಪಷ್ಟ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಡಿದದ್ದೇ ತಿಳಿಯದಿರಬಹುದು. ಊತ ಇಲ್ಲ, ಉರಿ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆ.

ಈ ಗುರುತೆಲ್ಲ ಕಡಿತಕ್ಕೆ ಮುಂಚೆ ಬೇಕಾದ್ದು. ಕಡಿದ ಮೇಲೆ ಹಾವು ಹುಡುಕುತ್ತಾ ನಿಂತರೆ ಹೊತ್ತೂ ಹೋಗುತ್ತದೆ, ಇನ್ನೊಬ್ಬನಿಗೂ ಕಡಿಯಬಹುದು. ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಇಂಜೆಕ್ಷನ್. ವೈದ್ಯರು ಲಕ್ಷಣ ನೋಡಿ, ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೋ ಇಲ್ಲವೋ ಪರೀಕ್ಷಿಸಿ ತೀರ್ಮಾನಿಸುತ್ತಾರೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಎಲ್ಲಾ ಬಿಟ್ಟು, ಉಂಗುರ ಬಳೆ ತೆಗೆದು, ಕೈಕಾಲು ಅಲುಗಿಸದೆ ಕರೆದೊಯ್ಯಬೇಕು. ಕಡೂರು ಬಸ್ಸಿಗೆ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು.

2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿದು ಸತ್ತರೆಂದು ಸಂಶೋಧಕರ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ಆಸ್ಪತ್ರೆಗಳು ಪ್ರತಿ ಕಡಿತದ ಲೆಕ್ಕವನ್ನೂ ಕೊಡಲೇಬೇಕು. ಲೆಕ್ಕ ಸರಿಯಿದ್ದರೆ ತಾನೇ ಔಷಧಿ ಎಲ್ಲಿಗೆ ಎಷ್ಟು ಬೇಕೆಂದು ತಿಳಿಯುವುದು?

ಲೆಕ್ಕ ಮೇಲಕ್ಕೆ ಹೋದರಷ್ಟೇ ಸಾಲದು, ವಿಷಯ ಕೆಳಕ್ಕೂ ಬರಬೇಕು. ಈ ನಾಲ್ಕು ಹಾವುಗಳ ಚಿತ್ರ, ಪಕ್ಕದಲ್ಲಿ ಕೇರೆ ಮತ್ತು ತೋಳಹಾವಿನ ಚಿತ್ರ, ಅರಣ್ಯ ಸಹಾಯವಾಣಿ 1926, ಇಂಜೆಕ್ಷನ್ ಸಿಗುವ ಹತ್ತಿರದ ಆಸ್ಪತ್ರೆಯ ಹೆಸರು: ಇಷ್ಟನ್ನು ಬರೆದು ಬಸ್ ನಿಲ್ದಾಣದಲ್ಲಿ ಒಂದು ಬೋರ್ಡ್ ಹಾಕಲು ಎಷ್ಟು ಖರ್ಚು? ಪಂಚಾಯಿತಿಯವರು ಯೋಚಿಸಲಿ. ಅಲ್ಲಿಯವರೆಗೆ ಜನ ಮಟ್ಟೆ ರಾಶಿಯನ್ನು ಮನೆಯಿಂದ ದೂರ ಹಾಕಲಿ, ರಾತ್ರಿ ಹೊರಬಿದ್ದರೆ ಟಾರ್ಚ್ ಹಿಡಿಯಲಿ.