ಕೈಗೆಟುಕುವ ಮನೆ: ಅಳೆಯುವ ಬಗೆ ಹೇಗೆ?

ಯಾವುದೇ ಪರಿಮಾಣವನ್ನು ಅಳೆಯುವ ಮುನ್ನ, ಅಳೆಯಬೇಕಾದುದು ಏನೆಂಬುದನ್ನು ನಿಷ್ಕರ್ಷಿಸಿಕೊಳ್ಳಬೇಕೆಂದು ಭೌತಶಾಸ್ತ್ರವು ನಮಗೆ ಕಲಿಸುತ್ತದೆ. ಒಂದು ಸಂಸಾರಕ್ಕೆ ಮನೆ ಕೈಗೆಟುಕುವುದೇ ಎಂಬ ಪ್ರಶ್ನೆಗೂ ಈ ನಿಯಮ ಅನ್ವಯಿಸುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಯಾರಿಗೆ ಸಾಲ ದೊರೆಯಬೇಕು, ಎಲ್ಲಿ ಮನೆ ಕಟ್ಟಬೇಕು ಎಂಬ ನಿರ್ಧಾರಗಳು ಈ ಅಳತೆಯನ್ನು ಅವಲಂಬಿಸಿವೆ. ಅಳತೆ ತಪ್ಪಿದರೆ ಅದರ ಫಲವನ್ನು ಬಡವನು ಉಣ್ಣಬೇಕಾಗುತ್ತದೆ.

ಬಳಕೆಯಲ್ಲಿರುವ ಅಳತೆಗೋಲುಗಳು ಮುಖ್ಯವಾಗಿ ಎರಡು. ಮನೆಯ ಬೆಲೆಯನ್ನು ಸಂಸಾರದ ವಾರ್ಷಿಕ ಆದಾಯದಿಂದ ಭಾಗಿಸುವುದು ಒಂದು. ಇದರ ಉತ್ತರ ವರ್ಷಗಳಲ್ಲಿ ಬರುತ್ತದೆ. ತಿಂಗಳ ಬಾಡಿಗೆ ಅಥವಾ ಸಾಲದ ಕಂತು ತಿಂಗಳ ಆದಾಯದ ಶೇಕಡ ಎಷ್ಟೆಂದು ನೋಡುವುದು ಇನ್ನೊಂದು. ಇದು ಏಕಮಾನವಿಲ್ಲದ ಬರಿಯ ಸಂಖ್ಯೆ. 2008ರಲ್ಲಿ ದೀಪಕ್ ಪಾರೇಖ್ ಅವರ ಅಧ್ಯಕ್ಷತೆಯ ಕಾರ್ಯಪಡೆಯು ನಮ್ಮ ದೇಶದ ಕಡಿಮೆ ಆದಾಯದವರ ವಿಷಯದಲ್ಲಿ ಇವೆರಡನ್ನೂ ಬಳಸಿತು: ಬೆಲೆಯು ವಾರ್ಷಿಕ ಆದಾಯದ 4 ಪಟ್ಟನ್ನು ಮೀರಬಾರದು, ಕಂತು ಅಥವಾ ಬಾಡಿಗೆ ಆದಾಯದ ಶೇಕಡ 30ನ್ನು ಮೀರಬಾರದು.

ಈ ಎರಡು ಕೋಲುಗಳು ಒಂದಕ್ಕೊಂದು ಹೊಂದುತ್ತವೆಯೇ? ಪರೀಕ್ಷಿಸೋಣ. ತಿಂಗಳಿಗೆ 12,000 ರೂಪಾಯಿ ದುಡಿಯುವ ಸಂಸಾರಕ್ಕೆ 4 ಪಟ್ಟಿನ ಲೆಕ್ಕದಲ್ಲಿ ಮನೆಯ ಬೆಲೆ 5,76,000 ರೂಪಾಯಿ. ಇಷ್ಟನ್ನೂ ಶೇಕಡ 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 5,180 ರೂಪಾಯಿ. ಎಂದರೆ ಆದಾಯದ ಶೇಕಡ 43. ಮೊದಲನೆಯ ಕೋಲಿಗೆ ಸರಿಹೊಂದಿದ ಮನೆ ಎರಡನೆಯದಕ್ಕೆ ದುಬಾರಿ! ಕಂತು ಶೇಕಡ 30ರೊಳಗೆ ನಿಲ್ಲಬೇಕಾದರೆ ಸಾಲವು ವಾರ್ಷಿಕ ಆದಾಯದ ಎರಡೂ ಮುಕ್ಕಾಲು ಪಟ್ಟಿನಷ್ಟೇ ಇರಬೇಕು. ಬಡ್ಡಿಯ ದರವನ್ನೂ ಅವಧಿಯನ್ನೂ ಹೇಳದೆ ಪಟ್ಟನ್ನು ಮಾತ್ರ ಹೇಳುವುದು, ಉಷ್ಣತೆಯನ್ನು ಹೇಳದೆ ಅನಿಲದ ಒತ್ತಡವನ್ನು ಮಾತ್ರ ಹೇಳಿದಂತೆ.

ಆದಾಯವೆಂದರೆ ಯಾರ ಆದಾಯ ಎಂಬುದು ಮುಂದಿನ ಪ್ರಶ್ನೆ. ಒಂದು ಬೀದಿಯ ಹತ್ತು ಸಂಸಾರಗಳಲ್ಲಿ ಒಂಬತ್ತಕ್ಕೆ ತಲಾ 10,000 ರೂಪಾಯಿ, ಒಂದಕ್ಕೆ 1,10,000 ರೂಪಾಯಿ ಆದಾಯವಿದೆಯೆಂದು ಇಟ್ಟುಕೊಳ್ಳೋಣ. ಸರಾಸರಿ 20,000 ರೂಪಾಯಿ. ಆದರೆ ಅಷ್ಟು ಆದಾಯವುಳ್ಳ ಸಂಸಾರ ಆ ಬೀದಿಯಲ್ಲಿ ಒಂದೂ ಇಲ್ಲ. ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ಸಂಸಾರದ ಆದಾಯ, ಅಂದರೆ ಮಧ್ಯಾಂಕ, 10,000 ರೂಪಾಯಿ ಮಾತ್ರ. ದಿನಗೂಲಿಯವನ ಆದಾಯವಾದರೋ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಬಾಡಿಗೆ ಮಾತ್ರ ಇಳಿಯುವುದಿಲ್ಲ.

ಶೇಕಡ 30ರ ಕೋಲಿನಲ್ಲಿ ಇನ್ನೂ ಗಂಭೀರವಾದ ದೋಷವಿದೆ. 1,20,000 ರೂಪಾಯಿ ಆದಾಯದವನು ಶೇಕಡ 30ನ್ನು ಬಾಡಿಗೆಗೆ ತೆತ್ತರೆ ಅವನ ಕೈಯಲ್ಲಿ 84,000 ಉಳಿಯುತ್ತದೆ. 12,000ದವನು ಅದೇ ಪ್ರಮಾಣದಲ್ಲಿ ತೆತ್ತರೆ ಉಳಿಯುವುದು 8,400. ನಾಲ್ವರ ಅನ್ನ, ಬಟ್ಟೆ, ಔಷಧಿ, ಶಾಲೆಗಳಿಗೆ 11,000 ಬೇಕಾದಲ್ಲಿ, ಕೋಲಿನ ಪ್ರಕಾರ ‘ಕೈಗೆಟುಕಿದ’ ಮನೆಯಲ್ಲಿ ಅವನು ಅರೆಹೊಟ್ಟೆಯಲ್ಲಿರಬೇಕು. ಕೊಳೆಗೇರಿಯ ಜೋಪಡಿಗೆ 600 ರೂಪಾಯಿ ತೆರುವವನ ಪಾಲು ಕೇವಲ ಶೇಕಡ 5. ಅವನ ಮನೆ ಅತ್ಯಂತ ಸುಲಭಬೆಲೆಯದೆಂದು ಅದೇ ಕೋಲು ಸಾರುತ್ತದೆ. ಅಲ್ಲಿ ನೀರಿದೆಯೇ, ಶೌಚಾಲಯವಿದೆಯೇ ಎಂಬುದನ್ನು ಅದು ಕೇಳುವುದೇ ಇಲ್ಲ.

ದೂರವನ್ನೂ ಲೆಕ್ಕಕ್ಕೆ ತರಬೇಕು. ಮೆಕ್ಸಿಕೋ ದೇಶದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಸಾಲದ ನೆರವಿನಿಂದ ನಗರಗಳ ಹೊರಗೆ ಲಕ್ಷಾಂತರ ಮನೆಗಳನ್ನು ಕಟ್ಟಲಾಯಿತು. 2010ರ ಜನಗಣತಿಯಲ್ಲಿ ಆ ದೇಶದ ಸುಮಾರು 50 ಲಕ್ಷ ಮನೆಗಳು ಖಾಲಿಯಿದ್ದುವು. ಕೆಲಸದ ಸ್ಥಳಕ್ಕೆ ಹೋಗಿಬರುವ ಖರ್ಚೂ ಕಾಲವೂ ಇದಕ್ಕೆ ಒಂದು ಕಾರಣ. ನಮ್ಮ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು 2012ರಲ್ಲಿ ತಜ್ಞರ ತಂಡವೊಂದು ಅಂದಾಜು ಮಾಡಿತು. ಅದರಲ್ಲಿ ಶೇಕಡ 95ಕ್ಕೂ ಹೆಚ್ಚು ಕಡಿಮೆ ಆದಾಯದ ವರ್ಗಗಳದು. ಆದರೆ 2011ರ ಜನಗಣತಿಯಂತೆ ಇದೇ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ! ಮನೆಗಳ ಎಣಿಕೆಯೊಂದರಿಂದಲೇ ಈ ಒಗಟು ಬಿಡಿಸಲಾಗದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಬಾಡಿಗೆ ಅಥವಾ ಕಂತು, ಹೋಗಿಬರುವ ಖರ್ಚು, ನೀರಿನ ಖರ್ಚು ಇವನ್ನು ಕಳೆದ ಮೇಲೆ ಉಳಿಯುವ ಹಣ ಸಂಸಾರದ ಜೀವನಕ್ಕೆ ಸಾಲುವುದೇ ಎಂಬುದನ್ನೇ ಮುಖ್ಯ ಅಳತೆಯನ್ನಾಗಿ ಮಾಡಬೇಕು. ಇದನ್ನು ನಗರದ ಸರಾಸರಿಗಲ್ಲದೆ, ಪ್ರತಿಯೊಂದು ಆದಾಯವರ್ಗಕ್ಕೂ ಬೇರೆ ಬೇರೆಯಾಗಿ ಲೆಕ್ಕಹಾಕಬೇಕು. ಮನೆಯ ಗುಣಕ್ಕೂ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಬೇಕು. ಈ ಮಾಹಿತಿಯನ್ನು ಕೂಡಿಸುವುದು ಶ್ರಮದ ಕೆಲಸವೆಂಬುದು ನಿಜ. ಒಂದೇ ಸಂಖ್ಯೆಯ ಅನುಕೂಲಕ್ಕಾಗಿ ಸತ್ಯವನ್ನು ಬಿಟ್ಟುಕೊಡುವುದಂತೂ ವಿಜ್ಞಾನಕ್ಕೆ ಒಪ್ಪುವ ಮಾರ್ಗವಲ್ಲ.

ವಿದ್ಯಾರ್ಥಿಗಳು ತಮ್ಮ ಊರಿನಲ್ಲೇ ಇದನ್ನು ಪ್ರಯೋಗಿಸಿ ನೋಡಬಹುದು. ಒಪ್ಪುವ ಹತ್ತು ಸಂಸಾರಗಳಿಂದ ಆದಾಯ, ಬಾಡಿಗೆ, ಬಸ್ಸಿನ ಖರ್ಚು, ದಿನಸಿಯ ಖರ್ಚುಗಳನ್ನು ಕೇಳಿ ಬರೆದುಕೊಂಡು, ಮೇಲಿನ ಮೂರು ವಿಧದಲ್ಲಿಯೂ ಲೆಕ್ಕ ಹಾಕಲಿ. ಯಾವ ಮನೆ ಕೈಗೆಟುಕುವುದೆಂಬ ಪ್ರಶ್ನೆಗೆ ಎಷ್ಟು ಬಗೆಯ ಉತ್ತರಗಳು ದೊರೆಯುವುವೆಂಬುದು ಆಗ ತಾನಾಗಿಯೇ ತಿಳಿದುಬರುವುದು.